ಹಿಟ್ಟಿನ ಗಿರಣಿಗೊಂದು ವೆಬ್‌ಪುಟ

ನಮ್ಮಲ್ಲಿ ವೆಬ್‌ಪುಟವನ್ನು ಪೆನ್ನಿನಿಂದ ಬರೆಯುತ್ತಾರೆ. ಇದನ್ನು ಹೇಳಿದಾಗಲೆಲ್ಲ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಆದರೆ ತಾಲ್ಲೂಕು ಕೇಂದ್ರದ ನಮ್ಮ ಪದವಿ ಕಾಲೇಜಿನಲ್ಲಿ ಅದು ನಗುವ ವಿಷಯವಲ್ಲ, ಅಂಕದ ವಿಷಯ. ರೆಕಾರ್ಡ್ ಪುಸ್ತಕದಲ್ಲಿ ಗೆರೆಯಿರುವ ಬಲಪುಟದಲ್ಲಿ ಟ್ಯಾಗುಗಳನ್ನು, ಅಂದರೆ ಪುಟದಲ್ಲಿ ಯಾವುದು ಏನು ಎಂದು ಬ್ರೌಸರಿಗೆ ಹೇಳುವ ಗುರುತುಗಳನ್ನು, ನೀಲಿ ಶಾಯಿಯಲ್ಲಿ ಬರೆಯಬೇಕು. ಗೆರೆಯಿಲ್ಲದ ಎಡಪುಟದಲ್ಲಿ, ಬ್ರೌಸರಿನಲ್ಲಿ ಅದು ಹೇಗೆ ಕಾಣುತ್ತದೆ ಎಂಬುದನ್ನು ಪೆನ್ಸಿಲು, ಸ್ಕೇಲು ಹಿಡಿದು ಬಿಡಿಸಬೇಕು. ಟೇಬಲ್ ಟ್ಯಾಗಿಗೆ ತರಗತಿಯ ವೇಳಾಪಟ್ಟಿ, ಫಾರ್ಮ್ ಟ್ಯಾಗಿಗೆ ನೋಂದಣಿ ಅರ್ಜಿ. ಇವು ತಲೆತಲಾಂತರದಿಂದ ಬಂದ ಚಿತ್ರಗಳು. ತೊಡಕು ಬರುವುದು ಮಾರ್ಕೀ ಟ್ಯಾಗಿನಲ್ಲಿ. ಓಡುವ ಅಕ್ಷರವನ್ನು ಪೆನ್ಸಿಲಿನಲ್ಲಿ ಬಿಡಿಸುವುದು ಹೇಗೆ? ಒಬ್ಬ ಹುಡುಗ ಸಾಲಿನ ಮುಂದೆ ಬಾಣ ಹಾಕಿ, ಬಸ್ಸಿನ ಹಿಂದೆ ಧೂಳು ಎದ್ದಂತೆ ಕೊನೆಯ ಅಕ್ಷರದ ಬೆನ್ನಿಗೆ ಮೂರು ಸಣ್ಣ ಗೀಟು ಎಳೆದಿದ್ದ. ಪೂರ್ಣ ಅಂಕ ಕೊಟ್ಟೆ.

ಮಾರ್ಕೀ ಈಗ ವೆಬ್‌ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಮಾನದಂಡದಲ್ಲಿ ಬಳಸಬಾರದ ಟ್ಯಾಗುಗಳ ಪಟ್ಟಿಯಲ್ಲಿದೆ. ನಮ್ಮ ಪಠ್ಯಕ್ರಮದಲ್ಲಿ ಮಾತ್ರ ಗಟ್ಟಿಯಾಗಿ ಕುಳಿತಿದೆ. ವಿದ್ಯಾರ್ಥಿಗಳಿಗೆ ಅದೆಂದರೆ ಪ್ರಾಣ. ಬರೆದದ್ದು ಓಡಿದರೆ ಏನೋ ಸಾಧಿಸಿದ ಹಾಗೆ.

ವೆಬ್ ವಿನ್ಯಾಸದ ಮೊದಲ ಪಾಠ ಹೇಳುವ ಕೆಲಸ ನನ್ನ ಪಾಲಿಗೆ ಹಿಂದಿನಿಂದಲೂ ಇತ್ತು. ಅದರಲ್ಲಿ ಹೊಸ ಗಾಳಿ ಬಂದದ್ದು 2021-22ರಲ್ಲಿ. ರಾಜ್ಯದ ಪದವಿ ಕಾಲೇಜುಗಳಲ್ಲಿ ಹೊಸ ಶಿಕ್ಷಣ ನೀತಿ ಜಾರಿಯಾಗಿ, ಓಪನ್ ಎಲೆಕ್ಟಿವ್ ಎಂಬ ಹೆಸರಿನಲ್ಲಿ ಬೇರೆ ವಿಭಾಗದ ಮಕ್ಕಳೂ ನಮ್ಮ ಲ್ಯಾಬಿಗೆ ಬರತೊಡಗಿದರು. ಅರ್ಥಶಾಸ್ತ್ರ, ಕನ್ನಡ ಐಚ್ಛಿಕ, ಬಿ.ಕಾಂ. ಎಲ್ಲ ಸೇರಿ ಅರವತ್ತು ಜನ. ಕಂಪ್ಯೂಟರು ಇಪ್ಪತ್ತೆರಡು, ಅದರಲ್ಲಿ ನಡೆಯುವವು ಹದಿನೇಳು. 2024ರಲ್ಲಿ ಆ ನಾಲ್ಕು ವರ್ಷದ ಪದವಿ ಹೋಗಿ ಮತ್ತೆ ಮೂರು ವರ್ಷದ್ದು ಬಂತು, ಪಠ್ಯವೂ ಬದಲಾಯಿತು. ಆ ನೀತಿ ಸರಿಯೋ ತಪ್ಪೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಪ್ರೋಗ್ರಾಮಿಂಗ್ ಗೊತ್ತಿಲ್ಲದ, ಗೊತ್ತಿರಬೇಕೆಂಬ ಅಂಜಿಕೆಯೂ ಇಲ್ಲದ ಆ ಮಕ್ಕಳ ಜೊತೆ ನಾನು ಕಲಿತದ್ದು ನನಗೆ ಮುಖ್ಯ.

ಮೊದಲ ವಾರ ಎಲ್ಲರ ಪುಟವೂ ಒಂದೇ. ಮೇಲೆ ದಪ್ಪ ಅಕ್ಷರದಲ್ಲಿ ವೆಲ್‌ಕಮ್ ಟು ಮೈ ವೆಬ್‌ಸೈಟ್. ಕೆಳಗೆ ಐ ಆಮ್ ಸ್ಟಡಿಯಿಂಗ್ ಎಂದು ಶುರುವಾಗುವ ಎರಡು ಸಾಲು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಇಂಗ್ಲಿಷೂ ಮುಗಿಯುತ್ತದೆ, ಹೇಳುವುದೂ ಮುಗಿಯುತ್ತದೆ. ಹೊರಗೆ ಬಸ್ ನಿಲ್ದಾಣದಲ್ಲಿ ಗಂಟೆಗಟ್ಟಲೆ ಮಾತಾಡುವ ಹುಡುಗರು ಇಲ್ಲಿ ಎರಡು ಸಾಲಿಗೆ ಸುಸ್ತಾಗಿ ಕೂರುತ್ತಾರೆ.

"ಕನ್ನಡದಲ್ಲಿ ಬರೆಯಿರಿ" ಎಂದೆ.

"ವೆಬ್‌ಸೈಟ್ ಎಂದ ಮೇಲೆ ಇಂಗ್ಲಿಷಿನಲ್ಲೇ ಇರಬೇಕಲ್ಲವೇ ಮೇಡಂ?" ಎಂದು ಮುಂದಿನ ಬೆಂಚಿನಿಂದ ಒಬ್ಬಳು ಕೇಳಿದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅವಳು ಪ್ರಾಮಾಣಿಕವಾಗಿ ಹಾಗೆಂದೇ ತಿಳಿದಿದ್ದಳು. ಟ್ಯಾಗುಗಳು ಇಂಗ್ಲಿಷು, ಪುಸ್ತಕದ ಉದಾಹರಣೆಗಳು ಇಂಗ್ಲಿಷು, ಹಾಗಾದರೆ ಒಳಗಿನ ಮಾತೂ ಇಂಗ್ಲಿಷೇ ಆಗಿರಬೇಕು.

ನಿಯಮ ಮಾಡಿದೆ. ಪುಟ ಕನ್ನಡದಲ್ಲಿರಬೇಕು, ನಿಮಗೆ ಗೊತ್ತಿರುವ ಯಾರಾದರೊಬ್ಬರ ಕೆಲಸದ ಬಗ್ಗೆ ಇರಬೇಕು, ಅವರಿಗೆ ಉಪಯೋಗಕ್ಕೆ ಬರಬೇಕು. ಆಗ ನನ್ನ ತಲೆಯಲ್ಲಿ ಇದ್ದದ್ದು ಭಾಷಾಭಿಮಾನವೇ, ಸುಳ್ಳೇಕೆ ಹೇಳಲಿ. ಇಡೀ ಪಠ್ಯಕ್ರಮದ ಮುಚ್ಚಳ ತೆಗೆಯುವ ಕೆಲಸ ಆ ಒಂದು ನಿಯಮದಿಂದ ಆಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಇಂಗ್ಲಿಷಿನಲ್ಲಿ ಬರೆದ ಪುಟ ಮೊದಲ ಸಲವೇ ಸರಿಯಾಗಿ ಕಾಣುತ್ತದೆ. ಸರಿಯಾಗಿ ಕಂಡದ್ದರ ಒಳಗೆ ಯಾರೂ ಇಣುಕುವುದಿಲ್ಲ.

ಆ ಮುಂದಿನ ಬೆಂಚಿನ ಹುಡುಗಿಯ ತಾಯಿ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಅವಳು ಗಿರಣಿಯ ಪುಟ ಮಾಡಿದಳು. ರಾಗಿ, ಜೋಳ, ಗೋಧಿ, ಅಕ್ಕಿ, ಮೆಣಸಿನಪುಡಿ, ಯಾವುದಕ್ಕೆ ಕೆ.ಜಿ.ಗೆ ಎಷ್ಟು, ಯಾವ ಹೊತ್ತಿನಲ್ಲಿ ಗಿರಣಿ ತೆರೆದಿರುತ್ತದೆ. ಮೆಣಸಿನಕಾಯಿ ಬೀಸುವುದು ಗುರುವಾರ ಮಾತ್ರ, ಏಕೆಂದರೆ ಅದಾದ ಮೇಲೆ ಕಲ್ಲು ತೊಳೆಯಬೇಕು. ಈ ಸಾಲನ್ನು ಓದಿದಾಗಲೇ ಇವಳಿಗೆ ಪುಟ ಮಾಡುವುದು ಬರುತ್ತದೆ ಎಂದು ನನಗೆ ಅನ್ನಿಸಿತು. ಉಳಿಸಿದಳು, ಬ್ರೌಸರಿನಲ್ಲಿ ತೆರೆದಳು. ರಾಗಿಯೂ ಇಲ್ಲ, ಜೋಳವೂ ಇಲ್ಲ. ತಲೆಯ ಮೇಲೆ ಓರೆ ಗೀಟು ಹೊತ್ತ ಇಂಗ್ಲಿಷಿನ ಸಣ್ಣ ಎ ಅಕ್ಷರ, ಅದರ ಭುಜದ ಮೇಲೆ ಪುಟಾಣಿ 2, ಪಕ್ಕದಲ್ಲಿ ಏನೋ ಚುಕ್ಕೆ. ಮತ್ತೆ ಅದೇ ಎ, ಅದೇ 2. ಪುಟದ ತುಂಬ ಇರುವೆ ಸಾಲಿನಂತೆ ಇದೇ.

"ವೈರಸ್ ಬಂದಿದೆ ಮೇಡಂ" ಎಂದು ಹಿಂದಿನ ಬೆಂಚು ತೀರ್ಪು ಕೊಟ್ಟಿತು.

ವೈರಸ್ಸಲ್ಲ. ಪುಟದ ತಲೆಭಾಗದಲ್ಲಿ ಅವಳು ಬರೆದುಕೊಂಡಿದ್ದ ಮೆಟಾ ಸಾಲು ಹಳೆಯ ನೋಟ್ಸಿನ ಜೆರಾಕ್ಸಿನಿಂದ ಬಂದದ್ದು. ಅದರಲ್ಲಿ ಅಕ್ಷರ ಸಂಕೇತ ಎಂಬಲ್ಲಿ ಎಲ್ಲ ಲಿಪಿಗಳಿಗೂ ಆಗುವ ಯುಟಿಎಫ್-8 ಇರಬೇಕಿತ್ತು. ಇದ್ದದ್ದು ಐಎಸ್‌ಒ 8859-1, ಅಂದರೆ ಪಶ್ಚಿಮ ಯೂರೋಪಿನ ಭಾಷೆಗಳಿಗೆಂದು ಮಾಡಿದ ಪಟ್ಟಿ. ಕಡತದಲ್ಲಿ ಕನ್ನಡ ಚೆನ್ನಾಗಿಯೇ ಇತ್ತು. ಫ್ರೆಂಚ್ ಎಂದುಕೊಂಡು ಓದು ಎಂದು ಬ್ರೌಸರಿಗೆ ನಾವೇ ಹೇಳಿದ್ದೆವು, ಅದು ಹೇಳಿದಂತೆ ಕೇಳಿತ್ತು. ಸರಿಪಡಿಸಲು ಅರ್ಧ ನಿಮಿಷ ಸಾಕಾಗುತ್ತಿತ್ತು. ಆದರೆ ಹುಡುಗಿ ತಡೆದಳು.

"ಇದರಲ್ಲಿ ಏನೋ ಲೆಕ್ಕ ಇದೆ ಮೇಡಂ. ರಾಗಿ ಇರುವ ಕಡೆ ನಾಲ್ಕು ಎ, ನಾಲ್ಕಕ್ಕೂ 2. ಜೋಳ ಇರುವ ಕಡೆ ಮೂರು ಎ, ಮಧ್ಯದ್ದಕ್ಕೆ ಮಾತ್ರ 2ರ ಬದಲು 3."

ನಾನು ಇಷ್ಟು ವರ್ಷ ಆ ಕಸವನ್ನು ಕಸವೆಂದೇ ನೋಡಿದ್ದೆ. ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕುಳಿತೆ. ಕಪ್ಪುಹಲಗೆಯ ಮೇಲೆ ಬರೆಯುತ್ತ ಹೋದಂತೆ ಇಡೀ ತರಗತಿ ಎದ್ದು ಬಂತು.

ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು, ಅಂದರೆ ಕಂಪ್ಯೂಟರು ಕೂಡಿಡುವ ಮೂರು ಪುಟ್ಟ ಸಂಖ್ಯೆ. ಇದನ್ನು ವಿಳಾಸವೆಂದುಕೊಳ್ಳಿ: ಮೊದಲನೆಯದು ಊರು, ಎರಡನೆಯದು ಬೀದಿ, ಮೂರನೆಯದು ಮನೆ. ಗೀಟು ಹೊತ್ತ ಆ ಎ ನಮ್ಮ ಊರು. ಭಾರತದ ಮುಖ್ಯ ಲಿಪಿಗಳೆಲ್ಲ ಇರುವುದು ಇದೇ ಊರಿನಲ್ಲಿ, ಹಾಗಾಗಿ ಹಿಂದಿ ಕೆಟ್ಟರೂ ತೆಲುಗು ಕೆಟ್ಟರೂ ಬರುವುದು ಅದೇ ಎ. ಬೀದಿ ಮಾತ್ರ ಬೇರೆ ಬೇರೆ. ಕನ್ನಡಕ್ಕೆ ಎರಡು ಬೀದಿ, ಬೀದಿಗೆ 64 ಮನೆ, ಒಟ್ಟು 128 ನಿವೇಶನ. ಎಲ್ಲದರಲ್ಲೂ ಮನೆ ಕಟ್ಟಿಲ್ಲ, ಖಾಲಿ ಸೈಟುಗಳೂ ಇವೆ. ಒಂದು ಬದಿಯ ನೆರೆಮನೆಯವರು ತೆಲುಗರು, ಇನ್ನೊಂದು ಬದಿಯವರು ಮಲಯಾಳಿಗಳು. ತೆಲುಗು ಕೆಟ್ಟರೆ ಎ ಪಕ್ಕದಲ್ಲಿ ಜ್ವರದ ಡಿಗ್ರಿ ಚಿಹ್ನೆ ಬರುತ್ತದೆ, ಹಿಂದಿ ಕೆಟ್ಟರೆ ಆಗಾಗ ಜಪಾನಿನ ಯೆನ್ ಚಿಹ್ನೆ ಕಾಣುತ್ತದೆ. ಕನ್ನಡದ ಬೀದಿಗಳ ಗುರುತು ಆ ಪುಟಾಣಿ 2 ಮತ್ತು 3.

ಮೊದಲ ಬೀದಿ ಎಲ್ಲಿ ಮುಗಿಯುತ್ತದೆ ಎಂದು ಹುಡುಕಲು ಕಾಗುಣಿತ ಬರೆದೆವು. ಕ, ಕಾ, ಕಿ ವರೆಗೆ ಎಲ್ಲ 2. ಕೀ ಎಂದೊಡನೆ 3 ಬಂತು! ಗುಡಿಸಿನವರೆಗೆ ಒಂದು ಬೀದಿ. ಗುಡಿಸಿನ ದೀರ್ಘ, ಕೊಂಬು, ಎತ್ವ, ಒತ್ವ, ಅರ್ಧಾಕ್ಷರ ಮಾಡುವ ಚಿಹ್ನೆ, ಕನ್ನಡದ ಅಂಕಿಗಳು ಎಲ್ಲ ಎರಡನೇ ಬೀದಿ. 'ಕನ್ನಡ' ಎಂಬ ಪದ ಹಾಳಾದರೆ 2, 2, 3, 2, 2. ನಡುವೆ ಬಂದ ಆ 3 ನ್ನ ಎಂಬಲ್ಲಿ ಎರಡು ನಕಾರವನ್ನು ಬೆಸೆದಿರುವ ಚಿಹ್ನೆ. ಐದು ಸಂಕೇತ, 15 ಬೈಟು. ಕನ್ನಡ ಐಚ್ಛಿಕದ ಹುಡುಗನೊಬ್ಬ ಆ ದಿನ ಮನೆಗೆ ಹೋಗಿ ತನ್ನ ಹೆಸರಿನ ಬೀದಿ ಸಂಖ್ಯೆಗಳನ್ನು ನೋಟ್‌ಪುಸ್ತಕದ ರಟ್ಟಿನ ಮೇಲೆ ಬರೆದುಕೊಂಡು ಬಂದ. ಪ್ರೇಮಪತ್ರಕ್ಕೂ ಬಳಸಿದ ಎಂದು ಆಮೇಲೆ ತಿಳಿಯಿತು.

ಈ ಯುಟಿಎಫ್-8 ಹುಟ್ಟಿದ ಕತೆ ಹೇಳಿದರೆ ಮಕ್ಕಳು ಮೊದಲಿಗೆ ನಂಬುವುದಿಲ್ಲ. 1992ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯೂಜರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ ಇದನ್ನು ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಬರೆದು ತೋರಿಸಿದರು. ಜೊತೆಗಿದ್ದವರು ಅವರ ಸಹೋದ್ಯೋಗಿ ರಾಬ್ ಪೈಕ್. ಕನ್ನಡ ಆಗಲೇ ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡಿನ ಪಟ್ಟಿಯಲ್ಲಿ ಸೇರಿ ಹತ್ತಿರ ಹತ್ತಿರ ಒಂದು ವರ್ಷವಾಗಿತ್ತು.

ಆ ವಾರದಿಂದ ನಮ್ಮ ಲ್ಯಾಬಿನಲ್ಲಿ ರೋಗಪರೀಕ್ಷೆ ಶುರುವಾಯಿತು. ಅಕ್ಷರದ ಜಾಗದಲ್ಲಿ ಖಾಲಿ ಚೌಕ ಬಂದರೆ ಫಾಂಟ್ ಇಲ್ಲ, ಹಾಕಿದರೆ ಸರಿಹೋಗುತ್ತದೆ. ಗೀಟಿನ ಎ ಬಂದರೆ ಅಕ್ಷರ ಬದುಕಿದೆ, ಓದುವ ಕ್ರಮ ತಪ್ಪಿದೆ. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಬಂದರೆ ಮಾತ್ರ ಕೈ ಮುಗಿಯಬೇಕು, ಅಕ್ಷರ ಸತ್ತಿದೆ. ಹಳೆಯ ನೋಟ್‌ಪ್ಯಾಡಿನಲ್ಲಿ ಆನ್ಸಿ ಎಂಬ ಆಯ್ಕೆಯಲ್ಲಿ ಉಳಿಸಿದರೆ ಹೀಗಾಗುತ್ತಿತ್ತು. ಅದೊಂದು ಎಚ್ಚರಿಕೆ ಕೊಡುತ್ತಿತ್ತು, ಎಲ್ಲರೂ ಓದದೆ ಓಕೆ ಒತ್ತುತ್ತಿದ್ದರು. 2019ರ ವಿಂಡೋಸ್ ಪರಿಷ್ಕರಣೆಯ ನಂತರ ನೋಟ್‌ಪ್ಯಾಡು ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸುತ್ತದೆ. ನಮ್ಮ ಹದಿನೇಳರಲ್ಲಿ ಐದು ಕಂಪ್ಯೂಟರಿಗೆ ಆ ಪರಿಷ್ಕರಣೆ ಮುಟ್ಟಿರಲಿಲ್ಲ. ಅವುಗಳ ಮುಂದೆ ಕೂರಲು ಯಾರೂ ಒಪ್ಪುತ್ತಿರಲಿಲ್ಲ.

ನಾಲ್ಕನೆಯ ರೋಗವೂ ಒಂದಿದೆ, ಅದು ನಮ್ಮದೇ ಮನೆಯದು. ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿಸಿದ ಜಾತ್ರೆಯ ಕರಪತ್ರವನ್ನು ಒಬ್ಬ ತಂದು ತನ್ನ ಪುಟಕ್ಕೆ ಅಂಟಿಸಿದ್ದ. ಅಲ್ಲಿಯೂ ಗೀಟಿನ ಎ, ಆದರೆ ಇದು ದೊಡ್ಡ ಎ. ನಮ್ಮ ಗಿರಣಿಯ ಹುಡುಗಿ ಆಗಲೇ ಡಾಕ್ಟರಾಗಿದ್ದಳಲ್ಲ, "ಇದು ಆ ಕಾಯಿಲೆ ಅಲ್ಲ" ಎಂದು ಕೂಡಲೇ ಹೇಳಿದಳು. ನಿಜ. ಇಲ್ಲಿ ಒಳಗಿರುವುದೇ ಇಂಗ್ಲಿಷ್ ಅಕ್ಷರಗಳು. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ. ದೊಡ್ಡ ಪಿ ಎಂದರೆ ಕಕಾರದ ಮೈ, ಗೀಟಿನ ಎ ಅದರ ತಲೆಕಟ್ಟು, ಬ್ರಿಟಿಷರ ಪೌಂಡ್ ಚಿಹ್ನೆ ನಕಾರ. ವೇಷ ಕಳಚಿದರೆ ಒಳಗಿನ ಪಾತ್ರಧಾರಿ ಕಾಣುತ್ತಾನೆ. ಕಂಪ್ಯೂಟರಿಗೆ ಕನ್ನಡವೇ ಗೊತ್ತಿಲ್ಲದಿದ್ದ ಕಾಲದಲ್ಲಿ ಈ ಉಪಾಯದಿಂದಲೇ ಪತ್ರಿಕೆ, ಪುಸ್ತಕ, ಕಚೇರಿ ಎಲ್ಲ ನಡೆದವು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ ತಂತ್ರಾಂಶ ಇಲ್ಲದಿದ್ದರೆ ನಾನು ಇಂದು ಇದನ್ನು ಬರೆಯುತ್ತಿರಲಿಲ್ಲ. ಅವರನ್ನು ನೆನೆದೇ ಹೇಳುತ್ತೇನೆ: 2020 ಕಳೆದ ಮೇಲೂ ವೇಷದ ಕನ್ನಡದಲ್ಲಿ ಕಡತ ಕಳುಹಿಸುವ ಕಚೇರಿಗಳನ್ನು ಕಂಡರೆ ನನಗೆ ರೇಗುತ್ತದೆ. ಹುಡುಕಿದರೆ ಸಿಗದ, ಕೇಳಿಸಿದರೆ ಓದದ ಕನ್ನಡ ಅದು.

ಪುಟದ ಅಂದಚೆಂದ ನೋಡಿಕೊಳ್ಳುವ ಸಿಎಸ್‌ಎಸ್‌ಗೆ ಬಂದಾಗ ಮತ್ತೊಂದು ಸುತ್ತು. ಪಠ್ಯಪುಸ್ತಕದಲ್ಲಿ ಅದು ಬಣ್ಣ, ಅಂಚು, ಒಳಅಂತರ, ಹೊರಅಂತರ ಎಂದು ಪೆಟ್ಟಿಗೆಯ ಚಿತ್ರದ ಸಮೇತ ನಾಲ್ಕು ಪುಟ. 1994ರಲ್ಲಿ ಹೋಕಾನ್ ವಿಯುಮ್ ಲೀ ಇದರ ಪ್ರಸ್ತಾಪ ಮಾಡಿದರು, 1996ರಲ್ಲಿ ಮೊದಲ ಆವೃತ್ತಿ ಬಂತು. ಇದು ಎರಡು ಅಂಕದ ಪ್ರಶ್ನೆ, ಮುಂದೆ ಹೋಗೋಣ. ಗಿರಣಿಯ ಪುಟದ ದರಪಟ್ಟಿ ಚೆಂದ ಕಾಣಲಿ ಎಂದು ಹುಡುಗಿ ಪ್ರತಿ ಸಾಲಿಗೂ ಅಳತೆಯ ಎತ್ತರ ಕೊಟ್ಟು, ಹೊರಚಾಚಿದ್ದನ್ನು ಮರೆಮಾಡು ಎಂದು ಬರೆದಳು. ಇಂಗ್ಲಿಷಿನ ಉದಾಹರಣೆಯಲ್ಲಿ ಅದು ಅಚ್ಚುಕಟ್ಟಾಗಿ ಕೂತಿತ್ತು. ಇಲ್ಲಿ 'ಅಕ್ಕಿ ಹಿಟ್ಟು' ಎಂಬುದು 'ಅಕಿ ಹಿಟು' ಆಯಿತು. ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗಿತ್ತು.

ಬಿದ್ದು ಬಿದ್ದು ನಕ್ಕೆವು. ನಕ್ಕ ಮೇಲೆ ಸಾಲಿನ ಎತ್ತರ ಎಂದರೇನು ಎಂದು ಯಾರಿಗೂ ವಿವರಿಸಬೇಕಾಗಲಿಲ್ಲ. ಇಂಗ್ಲಿಷ್ ಅಕ್ಷರ ನೆಲದ ಮೇಲೆ ನಿಲ್ಲುತ್ತದೆ. ನಮ್ಮದಕ್ಕೆ ನೆಲಮಾಳಿಗೆಯೂ ಬೇಕು, 'ರಾಷ್ಟ್ರ' ಎಂದು ಬರೆದರೆ ಎರಡು ಅಂತಸ್ತಿನ ನೆಲಮಾಳಿಗೆ. ಓರೆ ಅಕ್ಷರ ಮಾಡುವ ಟ್ಯಾಗು ಹಾಕಿದರೆ ಇಡೀ ಸಾಲು ಗಾಳಿಗೆ ವಾಲಿದ ಅಡಿಕೆ ತೋಟದಂತೆ ಕಾಣುತ್ತದೆ. ಅಕ್ಷರವಿನ್ಯಾಸದಲ್ಲಿ ದಪ್ಪ ರೂಪವೇ ಇಲ್ಲದಿದ್ದರೆ ಬ್ರೌಸರು ತಾನೇ ದಪ್ಪ ಮಾಡಲು ಹೋಗಿ ಠ, ಥಗಳ ಹೊಟ್ಟೆಯೊಳಗಿನ ಚುಕ್ಕೆಯನ್ನು ಮುಚ್ಚಿಬಿಡುತ್ತದೆ. ಎಲ್ಲ ಅಕ್ಷರವನ್ನೂ ದೊಡ್ಡಕ್ಷರ ಮಾಡು ಎಂಬ ಆಜ್ಞೆಗೆ ಕನ್ನಡ ಮಿಸುಕುವುದಿಲ್ಲ. ನಮ್ಮಲ್ಲಿ ದೊಡ್ಡದು ಚಿಕ್ಕದು ಎಂಬ ಭೇದ ಇದ್ದರಲ್ಲವೇ. ಇವೆಲ್ಲ ಯಾವ ಪಠ್ಯಕ್ರಮದಲ್ಲೂ ಇಲ್ಲ, ಲ್ಯಾಬಿನ ಗೋಡೆಗೆ ಅಂಟಿಸಿದ ಒಂದು ಡ್ರಾಯಿಂಗ್ ಹಾಳೆಯಲ್ಲಿ ಮಾತ್ರ ಇವೆ. ಹೊಸದು ಕಂಡವರು ಬಂದು ಬರೆಯಬೇಕು.

ಜಾವಾಸ್ಕ್ರಿಪ್ಟಿನ ದಿನ ನೆನೆದರೆ ಈಗಲೂ ನಗು ಬರುತ್ತದೆ. 1995ರಲ್ಲಿ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಕಟ್ಟಿದ, ಪುಟಕ್ಕೆ ಲೆಕ್ಕ ಮಾಡಲು, ಪರಿಶೀಲಿಸಲು ಕಲಿಸುವ ಭಾಷೆ ಅದು. ಅದರ ಅವಸರದ ಗುರುತುಗಳು ಇಂದಿಗೂ ಹೋಗಿಲ್ಲ, ಆದರೂ ಈ ಸಲದ ತಪ್ಪು ಅದರದ್ದಲ್ಲ. ಬಿ.ಕಾಂ. ಹುಡುಗನೊಬ್ಬ ತಮ್ಮೂರಿನ ದೇವಸ್ಥಾನದ ಪುಟ ಮಾಡಿ, ಸೇವೆಗೆ ಹೆಸರು ಬರೆಸಲು ಒಂದು ಫಾರ್ಮ್ ಇಟ್ಟಿದ್ದ. ಹೆಸರು ಹತ್ತು ಅಕ್ಷರ ಮೀರಬಾರದು ಎಂದು ಪರಿಶೀಲನೆ ಹಾಕಿದ್ದ. ಪರೀಕ್ಷಿಸಲು ದೇವರ ಹೆಸರನ್ನೇ ತುಂಬಿದ: ಲಕ್ಷ್ಮೀನಾರಾಯಣ. 'ನಿಮ್ಮ ಹೆಸರು ಉದ್ದವಾಗಿದೆ, ಚಿಕ್ಕದು ಮಾಡಿ' ಎಂದು ಪುಟ ದೇವರಿಗೇ ಹೇಳಿತು.

"ಆರೇ ಅಕ್ಷರ ಇರುವುದು ಮೇಡಂ" ಎಂದು ಅವನು ಬೆರಳು ಮಡಿಸಿ ಎಣಿಸಿದ. ಲ, ಕ್ಷ್ಮೀ, ನಾ, ರಾ, ಯ, ಣ. ಸರಿಯಾಗಿಯೇ ಎಣಿಸಿದ್ದ. ಜಾವಾಸ್ಕ್ರಿಪ್ಟನ್ನು ಕೇಳಿದರೆ 13 ಎನ್ನುತ್ತದೆ. ಅದು ಅಕ್ಷರ ಎಣಿಸುವುದಿಲ್ಲ, ಸಂಕೇತಗಳನ್ನು ಎಣಿಸುತ್ತದೆ. ಕ್ಷ್ಮೀ ಒಂದರಲ್ಲೇ ಆರು ಸಂಕೇತ. ನಂಬಿಕೆ ಬಾರದಿದ್ದರೆ ಅದರ ಮುಂದೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒತ್ತಿ ನೋಡು ಎಂದೆ. ಒತ್ತಿದ. ದೀರ್ಘ ಹೋಯಿತು, ಮಕಾರ ಹೋಯಿತು, ಒಂದೊಂದೇ ಕಳಚುತ್ತ ಬಂದು ಕೊನೆಗೆ ಬರೀ ಕ ಉಳಿಯಿತು. ಸರ್ವರಿಗೆ ಕಳುಹಿಸುವಾಗ ಸಂಕೇತಕ್ಕೆ ಮೂರು ಬೈಟಿನಂತೆ ಇದೇ ಹೆಸರು 39 ಆಗುತ್ತದೆ.

ಆ ಹೊತ್ತಿಗೆ ಕನ್ನಡ ವಿಭಾಗದ ಮೇಷ್ಟ್ರು ಮುದ್ರಣಕ್ಕೆಂದು ಲ್ಯಾಬಿಗೆ ಬಂದರು. ನಮ್ಮ ಗದ್ದಲ ಕೇಳಿ ಹಲಗೆಯ ಕಡೆ ನೋಡಿದರು.

"ಆರೂ ಅಲ್ಲ, ಹದಿಮೂರೂ ಅಲ್ಲ, ಹತ್ತು" ಎಂದರು.

"ಅದು ಹೇಗೆ ಸರ್?"

"ಮುಂದೆ ಒತ್ತಕ್ಷರ ಇರುವುದರಿಂದ ಲ ಗುರು. ಕ್ಷ್ಮೀ, ನಾ, ರಾ ಮೂರೂ ಗುರು. ಯ, ಣ ಲಘು. ನಾಲ್ಕು ಗುರುವಿಗೆ ಎಂಟು, ಎರಡು ಲಘುವಿಗೆ ಎರಡು. ಹತ್ತು ಮಾತ್ರೆ. ನಿಮ್ಮ ಫಾರ್ಮಿನಲ್ಲಿ ಹತ್ತು ಇದೆಯಲ್ಲ, ದೇವರನ್ನು ಒಳಗೆ ಬಿಡಿ."

ಒಂದೇ ಹೆಸರು, ನಾಲ್ಕು ಎಣಿಕೆ, ನಾಲ್ಕೂ ಸರಿ. ಹಲಗೆಯ ಮೇಲೆ 6, 10, 13, 39 ಎಂದು ಬರೆದು ಒಂದು ವಾರ ಅಳಿಸದೆ ಬಿಟ್ಟೆ. ಹಳಗನ್ನಡ ಛಂದಸ್ಸಿನಲ್ಲಿ ಪ್ರಸ್ತಾರ ಹಾಕಲು ಒದ್ದಾಡುತ್ತಿದ್ದ ಮೂವರು ಹುಡುಗಿಯರು ಮಾತ್ರೆ ಎಣಿಸುವ ಜಾವಾಸ್ಕ್ರಿಪ್ಟ್ ಬರೆಯುತ್ತೇವೆ ಎಂದು ಹಟ ಹಿಡಿದರು. ಮುಂದೆ ಒತ್ತಕ್ಷರ ಇದ್ದರೆ ಹಿಂದಿನದು ಗುರು ಎಂಬಲ್ಲಿಗೆ ಬಂದು ಎರಡು ವಾರ ಸಿಕ್ಕಿಹಾಕಿಕೊಂಡರು. ಯಂತ್ರ ಎಡದಿಂದ ಬಲಕ್ಕೆ ಓದುತ್ತದೆ, ಇವರಿಗೆ ಬೇಕಾದ ಉತ್ತರ ಬಲದಿಂದ ಎಡಕ್ಕೆ ಬರಬೇಕು. ಕೊನೆಗೆ ಬಿಡಿಸಿಕೊಂಡರು. ಆ ವರ್ಷದ ಪರೀಕ್ಷೆಯಲ್ಲಿ ಅವರಿಗೆ ಬಂದ ಪ್ರಶ್ನೆ: ಜಾವಾಸ್ಕ್ರಿಪ್ಟಿನ ಐದು ಗುಣಲಕ್ಷಣಗಳನ್ನು ಬರೆಯಿರಿ.

ಗಿರಣಿಯ ಪುಟಕ್ಕೆ ಮರಳುತ್ತೇನೆ, ಅದಕ್ಕೆ ಇನ್ನೂ ಒಂದು ಪರೀಕ್ಷೆ ಬಾಕಿಯಿತ್ತು. ತರಗತಿಯಲ್ಲಿ ಕಣ್ಣು ಕಾಣದ ಬಿ.ಎ. ವಿದ್ಯಾರ್ಥಿಯೊಬ್ಬ ಇದ್ದ. ತೆರೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ಅವನೇ ಪೆನ್‌ಡ್ರೈವಿನಲ್ಲಿ ತಂದು ಲ್ಯಾಬಿನ ಒಂದು ಕಂಪ್ಯೂಟರಿಗೆ ಹಾಕಿಕೊಂಡಿದ್ದ. ಹುಡುಗಿ ತನ್ನ ಪುಟವನ್ನು ಅವನಿಗೆ ಕೊಟ್ಟಳು. ಇಯರ್‌ಫೋನ್ ತೆಗೆದು ಎಲ್ಲರಿಗೂ ಕೇಳುವಂತೆ ಇಟ್ಟೆವು. ಇಂಗ್ಲಿಷ್ ದನಿಯೊಂದು ಗತ್ತಿನಿಂದ ಹೋಮ್ ಎಂದಿತು. ಆಮೇಲೆ ಮೌನ. ಆಮೇಲೆ ಫೋನ್ ನಂಬರಿನ ಹತ್ತು ಅಂಕಿ.

"ಮಧ್ಯದಲ್ಲಿ ಏನೂ ಬರೆದಿಲ್ಲವಾ?" ಎಂದು ಅವನು ಕೇಳಿದ.

ಮಧ್ಯದಲ್ಲಿ ಹದಿನಾಲ್ಕು ಸಾಲು ಕನ್ನಡವಿತ್ತು. ಮೆಣಸಿನಕಾಯಿ, ಕಲ್ಲು, ಗುರುವಾರ ಎಲ್ಲ ಇತ್ತು. ಹುಡುಗಿಯ ಮುಖ ಸಣ್ಣದಾಯಿತು.

ಕಾರಣ ಪುಟದ ಎರಡನೇ ಸಾಲಿನಲ್ಲಿ ಕೂತಿತ್ತು. ನಾವು ಬಳಸುವ ಎಡಿಟರಿನಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಟ್ಯಾಬ್ ಒತ್ತಿದರೆ ಪುಟದ ಚೌಕಟ್ಟು ತಾನಾಗಿ ಬರುತ್ತದೆ. ಅದರಲ್ಲಿ ಈ ಪುಟದ ಭಾಷೆ ಇಂಗ್ಲಿಷು ಎಂದು ಮೊದಲೇ ಬರೆದಿರುತ್ತದೆ. ಕಣ್ಣಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ, ಹಾಗಾಗಿ ಯಾರೂ ಮುಟ್ಟುವುದಿಲ್ಲ. ನಾನೂ ಅಷ್ಟು ವರ್ಷ ಮುಟ್ಟಿರಲಿಲ್ಲ. ಇ ಮತ್ತು ಎನ್ ಅಳಿಸಿ ಕೆ ಮತ್ತು ಎನ್ ಹಾಕಿದಳು. ಹುಡುಗ ತನ್ನ ಕಡೆಯಿಂದ ಕನ್ನಡ ಬರುವ ಇ-ಸ್ಪೀಕ್ ದನಿಯನ್ನು ಆರಿಸಿಕೊಂಡ. ಆ ದನಿ ಚೆಂದವೇನೂ ಅಲ್ಲ, ನೆಗಡಿಯಾದ ಯಂತ್ರ ಬಾವಿಯೊಳಗಿಂದ ಮಾತಾಡಿದಂತೆ. ಆದರೂ ರಾಗಿ ಕೆ.ಜಿ.ಗೆ 5 ರೂಪಾಯಿ ಎಂದು ಅದು ಹೇಳಿದಾಗ ಇಡೀ ಲ್ಯಾಬು ಚಪ್ಪಾಳೆ ತಟ್ಟಿತು.

ಆಮೇಲೆ ಫೋಟೊ ಬಂತು. ದನಿ ವಾಟ್ಸ್‌ಆ್ಯಪಿನಿಂದ ಇಳಿಸಿದ ಕಡತದ ಹೆಸರನ್ನು ಅಂಕಿ ಸಮೇತ ಒದರತೊಡಗಿತು. ಚಿತ್ರದ ವಿವರ ಬರೆಯುವ ಜಾಗ ಖಾಲಿಯಿತ್ತು. ಹುಡುಗಿ 'ಅಮ್ಮ' ಎಂದು ತುಂಬಿದಳು. ಹುಡುಗ ಬಿಡಲಿಲ್ಲ. "ಅಮ್ಮ ಏನು ಮಾಡುತ್ತಿದ್ದಾರೆ?" ಎಂದ. ಅವಳು ಫೋಟೊವನ್ನು ಮೊದಲ ಸಲ ನೋಡುವವಳಂತೆ ಸ್ವಲ್ಪ ಹೊತ್ತು ನೋಡಿ ಟೈಪು ಮಾಡಿದಳು: ಹುಬ್ಬಿನ ಮೇಲೂ ಹಿಟ್ಟು ಮೆತ್ತಿಕೊಂಡು ಅಮ್ಮ ತಕ್ಕಡಿ ಹಿಡಿದಿದ್ದಾಳೆ, ನಗುತ್ತಿಲ್ಲ.

ವೆಬ್ಬಿನ ಇತಿಹಾಸದ ಪಾಠವನ್ನು ನಾನು ಈಗ ಕೊನೆಗೆ ಇಟ್ಟುಕೊಳ್ಳುತ್ತೇನೆ. ಪಠ್ಯಕ್ರಮದಲ್ಲಿ ಅದು ಮೊದಲ ಘಟಕ, ಮೊದಲ ದಿನವೇ ಮಕ್ಕಳನ್ನು ಮಲಗಿಸುವ ಘಟಕ. ಪುಟ ಮಾಡಿ ಕೈ ಸುಟ್ಟುಕೊಂಡ ಮೇಲೆ ಹೇಳಿದರೆ ಕಿವಿ ಕೊಡುತ್ತಾರೆ. ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಕೊಟ್ಟ ಪ್ರಸ್ತಾವದ ಮೇಲೆ ಅವರ ಮೇಲಧಿಕಾರಿ, ಅಸ್ಪಷ್ಟ ಆದರೆ ರೋಚಕ ಎಂದು ಷರಾ ಬರೆದರು. 1991ರಲ್ಲಿ ಹೊರಬಂದ ಎಚ್‌ಟಿಎಂಎಲ್ ವಿವರಣೆಯಲ್ಲಿ ಇದ್ದದ್ದು 18 ಟ್ಯಾಗು, ಅದರಲ್ಲಿ ಚಿತ್ರಕ್ಕೆ ಜಾಗವೇ ಇರಲಿಲ್ಲ. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಜ್ಞಾನವನ್ನು ಯಾರು ಬೇಕಾದರೂ ಕಾಸಿಲ್ಲದೆ ಬಳಸಲಿ ಎಂದು ಬಿಟ್ಟುಕೊಟ್ಟಿತು. ಇವೆಲ್ಲಕ್ಕಿಂತ ನಮ್ಮ ಮಕ್ಕಳಿಗೆ ಹಿಡಿಸಿದ್ದು ಬರ್ನರ್ಸ್-ಲೀ ಅವರ ಕಂಪ್ಯೂಟರಿಗೆ ಅಂಟಿಸಿದ್ದ ಚೀಟಿ. ಜಗತ್ತಿನ ಮೊದಲ ವೆಬ್ ಸರ್ವರ್ ಅದು. ಇದು ಸರ್ವರ್, ಆರಿಸಬೇಡಿ ಎಂದು ಕೈಬರಹದಲ್ಲಿ ಬರೆದಿತ್ತು. ದಿನಕ್ಕೆ ಮೂರು ಸಲ ಕರೆಂಟು ಹೋಗುವ ನಮ್ಮ ಲ್ಯಾಬಿನಲ್ಲಿ ಮರುದಿನ ಬೆಳಗ್ಗೆ ಸ್ವಿಚ್‌ಬೋರ್ಡಿನ ಮೇಲೆ ಅಂಥದೇ ಒಂದು ಚೀಟಿ ಇತ್ತು, ವಿದ್ಯುತ್ ಇಲಾಖೆಯವರನ್ನು ಉದ್ದೇಶಿಸಿ.

ಈಗಿನ ಮಕ್ಕಳು ಟ್ಯಾಗು ಕಲಿಯದೆಯೂ ಪುಟ ಮಾಡುತ್ತಾರೆ. ಎಐಗೆ ಎರಡು ಸಾಲು ಹೇಳಿದರೆ ಮಿರಮಿರ ಮಿನುಗುವ ಪುಟ ಬಂದು ಬೀಳುತ್ತದೆ. ಬೈಯಲು ನನಗೆ ಮನಸ್ಸಿಲ್ಲ. ಪೆನ್ಸಿಲಿನಲ್ಲಿ ಬ್ರೌಸರು ಬಿಡಿಸುವುದಕ್ಕಿಂತ ಅದು ಮೇಲು. ಬಂದ ಪುಟವನ್ನು ತೆರೆದು ಎರಡನೇ ಸಾಲು ನೋಡಿ ಎನ್ನುತ್ತೇನೆ. ಕಳೆದ ಸಲ ತಂದ ಒಂಬತ್ತು ಕನ್ನಡ ಪುಟಗಳಲ್ಲಿ ನಾಲ್ಕರ ಭಾಷೆ ಇಂಗ್ಲಿಷು ಎಂದಿತ್ತು. ಎರಡರಲ್ಲಿ ಗುಂಡಿಗಳ ಮೇಲಿನ ಒತ್ತಕ್ಷರ ಕತ್ತರಿಸಿತ್ತು. ಹುಡುಕಿ ಹಿಡಿದದ್ದು ಮಕ್ಕಳೇ.

ಗಿರಣಿಯ ಪುಟವನ್ನು ಹುಡುಗಿ ಗಿಟ್‌ಹಬ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಏರಿಸಿದಳು. ರಾತ್ರಿ ಮನೆಯಲ್ಲಿ ಅಮ್ಮನ ಮೊಬೈಲಿನಲ್ಲಿ ತೆರೆದು ತೋರಿಸಿದಳಂತೆ. ಅಮ್ಮ ಬೆರಳಿಟ್ಟು ಓದಿ, ಬಣ್ಣದ ಬಗ್ಗೆ ಏನೂ ಹೇಳದೆ, ಒಂದೇ ತಪ್ಪು ತೆಗೆದರು. "ಬೆಳಗ್ಗೆ ಎಂಟರಿಂದ ಸಂಜೆ ಆರು ಎಂದು ಬರೆದಿದ್ದೀಯ. ಕರೆಂಟು ಇದ್ದಾಗ ಎಂದು ಬರೆ. ಮೂರು ಮೈಲಿಯಿಂದ ಮೂಟೆ ಹೊತ್ತುಕೊಂಡು ಬಂದವರಿಗೆ ನಾನು ಉತ್ತರ ಹೇಳಬೇಕು."

ಮರುದಿನ ನನ್ನ ಮೇಜಿನ ಮುಂದೆ ನಿಂತು ಕೇಳಿದಳು: "ಊರಿನಲ್ಲಿ ಈಗ ಕರೆಂಟು ಇದೆಯೋ ಇಲ್ಲವೋ ಎಂದು ಪುಟಕ್ಕೆ ಹೇಗೆ ತಿಳಿಯುತ್ತದೆ ಮೇಡಂ?"

ಸರ್ವರ್, ಡೇಟಾಬೇಸ್, ಗಿರಣಿಯ ಮೀಟರಿಗೆ ಕಟ್ಟಬೇಕಾದ ಸಾಧನ. ಹೇಳಲು ಬಾಯಿ ತೆರೆದೆ. ಅದೆಲ್ಲ ನಮ್ಮ ಪಠ್ಯದಲ್ಲಿ ಇರಲಿಲ್ಲ. ಅವಳೇ ಒಂದು ದಿನ ಯೋಚಿಸಿ, ಮುಟ್ಟಿದರೆ ಕರೆ ಹೋಗುವ ಕೊಂಡಿಯನ್ನು ಫೋನ್ ನಂಬರಿಗೆ ಸೇರಿಸಿದಳು. ಮೇಲೆ ಒಂದು ಸಾಲು ಬರೆದಳು: ಹೊರಡುವ ಮುಂಚೆ ಕರೆಂಟು ಇದೆಯೇ ಕೇಳಿ. ಕೆಲಸ ಮಾಡುತ್ತದೋ ಇಲ್ಲವೋ ನೋಡೋಣ ಎಂದು ನನ್ನ ಮೊಬೈಲಿನಲ್ಲಿ ಪುಟ ತೆರೆದು ನಂಬರನ್ನು ಮುಟ್ಟಿದೆ. ಎರಡು ಸಲ ರಿಂಗಾಯಿತು. ಕಲ್ಲಿನ ಗರಗರ ಸದ್ದು, ಬೆಲ್ಟಿನ ಪಟಪಟ, ಅದರ ನಡುವೆ ಜೋರಾಗಿ ಒಂದು ದನಿ.

"ಹಲೋ, ಇದೆ ಇದೆ, ಬೇಗ ಬನ್ನಿ!"